ಆಟಿ ಅಮಾವಾಸ್ಯೆಯ ಹಿಂದಿನ ದಿನ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರಲ್ಲಿ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿಇ ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ ಹತ್ತು ಹದಿನೈದು ನಿಮಿಷ ಮಾತಾಡಿ, ಮಕ್ಕಳಿಗೆ ಸ್ಫೂರ್ತಿ ಬರಲಿ" ಎಂದಿದ್ದರು. ಒಪ್ಪಿಕೊಂಡಿದ್ದೆ. ಆದರೆ ನಿನ್ನೆ ಸಂಜೆ ಇಲ್ಲಿಗೆ ಬಂದು ಬಾವಿಯ ಹತ್ತಿರ ನಿಂತಾಗ, ಮೈದಾನದ ಮೂಲೆಯ ಆ ದೊಡ್ಡ ಹಾಲೆಮರ ಇನ್ನೂ ಇದೆ ಎಂದು ಕಂಡು ಮನಸ್ಸು ಬದಲಾಯಿತು. ಕಂಪ್ಯೂಟರಿನ ವಿಷಯ ಕೊನೆಗೆ ಸ್ವಲ್ಪ ಹೇಳುತ್ತೇನೆ. ಮೊದಲು ಆ ಮರದ ವಿಷಯ. ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪಿನ ವಿಷಯವನ್ನೂ ಹೇಳಬೇಕಾಗಿದೆ. ಮನೆಯವರನ್ನು ಬಿಟ್ಟು ಇದುವರೆಗೆ ಅದನ್ನು ಯಾರ ಹತ್ತಿರವೂ ಹೇಳಿಲ್ಲ.

ಕನ್ನಡದಲ್ಲಿ ಹಾಲೆ, ಮದ್ದಾಲೆ, ಸಪ್ತಪರ್ಣಿ ಎನ್ನುವ ಈ ಮರವನ್ನು ನಾವು ಮನೆಯಲ್ಲಿ ಪಾಲೆ ಎನ್ನುತ್ತೇವೆ. ಯಾರೂ ನೆಡದಿದ್ದರೂ ಗುಡ್ಡದಲ್ಲಿ, ತೋಟದ ಅಂಚಿನಲ್ಲಿ ತಾನಾಗಿಯೇ ಬರುವ ಮರ. ಆಟಿ ಅಮಾವಾಸ್ಯೆಯ ದಿನ ಇದರ ಕೆತ್ತೆಯ ಕಷಾಯ ಕುಡಿಯದ ಮನೆ ನಮ್ಮ ಊರಿನಲ್ಲಿ ಕಡಿಮೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ. ಬಿಡದೆ ಸುರಿಯುವ ಮಳೆ, ಮನೆಯೊಳಗೆ ಥಂಡಿ, ಜ್ವರ, ಹೊಟ್ಟೆಯ ತೊಂದರೆ. ಹಿಂದೆ ನೇಜಿ ನೆಟ್ಟು ಮುಗಿದ ಮೇಲೆ ಕೆಲಸವೂ ಇಲ್ಲ, ಕಣಜದಲ್ಲಿ ಅಕ್ಕಿಯೂ ಇಲ್ಲ. ಊರಿನ ಮಾರಿ ಕಳೆಯಲು ಆಟಿ ಕಳಂಜ ಮನೆಮನೆಗೆ ಬರುತ್ತಿದ್ದ. ತಜಂಕ್ ಸೊಪ್ಪು, ಕೆಸುವಿನ ಪತ್ರೊಡೆ, ಕಣಿಲೆ, ಹಲಸಿನ ಬೀಜ, ಇವೇ ಊಟ. ಅಂಥ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಕಷಾಯ. ಆ ದಿನ ಆ ಮರದಲ್ಲಿ ಸಾವಿರದ ಒಂದು ಬಗೆಯ ಮದ್ದು ಸೇರಿರುತ್ತದೆ ಎಂದು ಹಿರಿಯರ ನಂಬಿಕೆ.

ನಮ್ಮ ಮನೆಯಲ್ಲಿ ಈ ಕೆಲಸ ಅಜ್ಜನದು. ಅವರ ಕ್ರಮವನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಮಾತಿನ ತಿರುಳು ಇರುವುದು ಅದರಲ್ಲಿಯೇ. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ, ಬೆಳಕಿರುವಾಗಲೇ ಅವರು ಗುಡ್ಡಕ್ಕೆ ಹೋಗುತ್ತಿದ್ದರು. ಒಬ್ಬರೇ ಅಲ್ಲ, ಪಕ್ಕದ ಮನೆಯ ಒಬ್ಬ ಹಿರಿಯರನ್ನು ಕರೆದುಕೊಂಡು. ಮರದ ಕೆಳಗೆ ನಿಂತು ಮೇಲೆ ನೋಡುವುದು, ಒಂದು ಎಲೆ ಮುರಿದು ನೋಡುವುದು, ಆಮೇಲೆ ಕಾಂಡಕ್ಕೆ ಬಿಳಿ ನೂಲು ಕಟ್ಟಿ ಬುಡದಲ್ಲಿ ಒಂದು ಕಲ್ಲು ಇಟ್ಟು ಬರುವುದು. ಮರುದಿನ ಬೆಳಕು ಹರಿಯುವ ಮೊದಲು ಹೋಗಿ, ನೂಲು ಕಟ್ಟಿದ ಮರದ ಒಂದೇ ಬದಿಯಿಂದ, ಅದೇ ಕಲ್ಲಿನಿಂದ ಜಜ್ಜಿ ಅಂಗೈ ಅಗಲದ ಕೆತ್ತೆ ತರುವುದು. ಕತ್ತಿ ತಾಗಿಸುವ ಹಾಗಿಲ್ಲ.

ಮುಂದಿನದು ಅಜ್ಜಿಯ ಕೆಲಸ. ಹೊರಗಿನ ಒರಟು ಸಿಪ್ಪೆ ಹೆರೆದು, ಒಳತೊಗಟೆಯನ್ನು ಕಾಳುಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು, ರಸ ಹಿಂಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದಕ್ಕೆ ಹಾಕಿದರೆ 'ಚುಂಯ್' ಎಂದು ಮನೆ ತುಂಬ ಘಾಟು. ದೊಡ್ಡವರಿಗೆ ಚಿಕ್ಕ ಲೋಟದಲ್ಲಿ ಅರ್ಧ. ಮಕ್ಕಳಿಗೆ ಎರಡು ಚಮಚ. ಬಸುರಿಯರಿಗೆ, ಎಳೆ ಮಕ್ಕಳಿಗೆ ಇಲ್ಲ. ಕಹಿ ಎಂದರೆ ಅಂತಿಂಥ ಕಹಿ ಅಲ್ಲ! ಕುಡಿದ ಕೂಡಲೇ ಬಾಯಿಗೆ ಒಂದು ತುಂಡು ಓಲೆಬೆಲ್ಲ. ಕಷಾಯ ಉಷ್ಣ ಎಂದು ಆಮೇಲೆ ತೆಂಗಿನಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ. ನಾವು ಮಕ್ಕಳು ಕಷಾಯ ಕುಡಿಯುತ್ತಿದ್ದದ್ದೇ ಆ ಗಂಜಿಯ ಆಸೆಗೆ.

ಅಜ್ಜ 2013ರಲ್ಲಿ ತೀರಿಕೊಂಡರು. ಮರುವರ್ಷ ಆಟಿ ಅಮಾವಾಸ್ಯೆ ಶನಿವಾರ ಬಂದಿತ್ತು. ಅಪ್ಪನಿಗೆ ಮೊಣಕಾಲು ನೋವು, ಗುಡ್ಡ ಹತ್ತಲಿಕ್ಕೆ ಆಗುತ್ತಿರಲಿಲ್ಲ. ನಾನು ಫೋನಿನಲ್ಲಿ, "ಈ ಸಲ ಕೆತ್ತೆ ನಾನೇ ತರುತ್ತೇನೆ, ನೀವು ಚಿಂತೆ ಮಾಡಬೇಡಿ" ಎಂದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಊರಿನ ಕ್ರಮವನ್ನು ಉಳಿಸಿಕೊಂಡ ಮೊಮ್ಮಗ ಎನಿಸಿಕೊಳ್ಳುವ ಆಸೆಯೂ ಇತ್ತು. ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಉಪ್ಪಿನಂಗಡಿಯಲ್ಲಿ ಇಳಿದಾಗ ನಾಲ್ಕು ಗಂಟೆ ಹತ್ತಿರ. ಜೋರು ಮಳೆ. ಗೆಳೆಯನೊಬ್ಬ ಬೈಕಿನಲ್ಲಿ ಕರೆತಂದು ಮನೆಗೆ ಬಿಟ್ಟ. ಬ್ಯಾಗು ಜಗಲಿಯಲ್ಲಿಟ್ಟವನೇ ಮೊಬೈಲಿನ ಬೆಳಕು ಹಿಡಿದುಕೊಂಡು ಗುಡ್ಡಕ್ಕೆ ಓಡಿದೆ.

ಮರ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ ಎನ್ನುವುದು ಸರಿ. ಪಕ್ಕದವರ ಅಡಿಕೆ ತೋಟದ ಬೇಲಿ ದಾಟಿ, ದೊಡ್ಡ ಪಾದೆಕಲ್ಲಿನ ಬಲಕ್ಕೆ. ಕಲ್ಲು ಸಿಕ್ಕಿತು, ಬಲಕ್ಕೆ ಮರವೂ ಸಿಕ್ಕಿತು. ಬೂದು ಬಣ್ಣದ ಕಾಂಡ, ಮೇಲೆ ಬರೀ ಕತ್ತಲೆ. ಕಲ್ಲಿನಿಂದ ಜಜ್ಜಿದೆ, ಕೆತ್ತೆ ಎದ್ದಿತು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದು ಅಡುಗೆಕೋಣೆಯಲ್ಲಿ ಅಜ್ಜಿಯ ಮುಂದೆ ಇಟ್ಟೆ.

ಅಜ್ಜಿಗೆ ಆಗ ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಚೂರು ಎತ್ತಿಕೊಂಡು ಹೆಬ್ಬೆರಳಿನಿಂದ ಒಳಬದಿಯನ್ನು ಉಜ್ಜಿದರು. ಇನ್ನೊಂದು ಚೂರನ್ನೂ ಉಜ್ಜಿದರು.

"ಕೈಗೆ ಅಂಟುವುದಿಲ್ಲವಲ್ಲ. ಹಾಲು ಬಂತಾ?"

"ಮಳೆ ಅಜ್ಜಿ, ತೊಳೆದು ಹೋಗಿರಬೇಕು."

"ನಿನ್ನೆ ನೋಡಿ ನೂಲು ಕಟ್ಟಿದ್ದು ಯಾರು?"

"ನಿನ್ನೆ ನಾನು ಬೆಂಗಳೂರಿನಲ್ಲಿದ್ದೆನಲ್ಲ."

ಅಜ್ಜಿ ಮತ್ತೆ ಏನೂ ಕೇಳಲಿಲ್ಲ. ಚೀಲವನ್ನು ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಹಾಗೆ ಮಾಡಿಗೆ ಸಿಕ್ಕಿಸಿ, ಕೈಯನ್ನು ಸೋಪು ಹಾಕಿ ತೊಳೆದು, "ಈ ವರ್ಷ ಗಂಜಿ ಮಾತ್ರ" ಎಂದರು. ನನಗೆ ಸಿಟ್ಟು ಬಂತು. ರಾತ್ರಿಯಿಡೀ ನಿದ್ದೆಗೆಟ್ಟು ಬಂದದ್ದು ಇದಕ್ಕಾ ಎಂದು ಜೋರು ಮಾಡಿದೆ.

ಬೆಳಕಾದ ಮೇಲೆ ಅಪ್ಪ ಕೋಲು ಊರಿಕೊಂಡು ನನ್ನ ಜೊತೆ ಗುಡ್ಡಕ್ಕೆ ಬಂದರು. ನಾನು ಜಜ್ಜಿದ ಗಾಯ ದೂರದಿಂದಲೇ ಕಾಣುತ್ತಿತ್ತು. ಅಪ್ಪ ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಅದು ಕಾಸರಕನ ಮರ. ತುಳುವಿನಲ್ಲಿ ಕಾಯೆರ್ ಎನ್ನುತ್ತೇವಲ್ಲ, ಅದೇ. ನಮ್ಮ ಪಾಲೆ ಮರ ಅಲ್ಲಿಂದ ಹತ್ತು ಹೆಜ್ಜೆ ಆಚೆಗೆ ನಿಂತಿತ್ತು. ಹಿಂದಿನ ವರ್ಷ ಅಜ್ಜ ಕಟ್ಟಿದ್ದ ನೂಲಿನ ಚೂರು ಅದರ ಮೇಲೆ ಇನ್ನೂ ಇತ್ತು.

ಕಾಸರಕ ಏನೆಂದು ಹಿರಿಯರಿಗೆ ಹೇಳಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಹೊಟ್ಟೆಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿಯೇ ಮೈಯ ಸ್ನಾಯುಗಳೆಲ್ಲ ಸೆಟೆದುಕೊಳ್ಳುತ್ತವೆ, ಕೊನೆಗೆ ಉಸಿರಾಟವೇ ನಿಲ್ಲಬಹುದು. ಇನ್ನೊಂದು ಮಾತು. ಅದೂ ಕಹಿ, ಪಾಲೆಯೂ ಕಹಿ. ಆದ್ದರಿಂದ ನಾಲಿಗೆ ಎಚ್ಚರಿಸುವುದಿಲ್ಲ. ಕಷಾಯ ಎಂದರೆ ಕಹಿ ಇರಬೇಕು ಎಂದು ಕಣ್ಣುಮುಚ್ಚಿ ನುಂಗುತ್ತೇವೆ.

ಆ ದಿನ ನಮ್ಮ ಮನೆಯಲ್ಲಿ ಹನ್ನೊಂದು ಜನ ಇದ್ದೆವು. ಅಕ್ಕನ ಮಗಳಿಗೆ ನಾಲ್ಕು ವರ್ಷ. ಅವಳ ಎರಡು ಚಮಚವೂ ಆ ಚೀಲದಿಂದಲೇ ಬರಬೇಕಾಗಿತ್ತು. ಈಗ ಅವಳು ಒಂಬತ್ತನೇ ತರಗತಿ ದಾಟಿದ್ದಾಳೆ. ಅವಳು ಎದುರು ಬಂದಾಗ ಒಮ್ಮೊಮ್ಮೆ ನನಗೆ ಆ ಪ್ಲಾಸ್ಟಿಕ್ ಚೀಲ ನೆನಪಾಗುತ್ತದೆ.

ನಾನು ಮಾಡಿದ ತಪ್ಪು ಮರ ಗೊತ್ತಿಲ್ಲದ್ದು ಮಾತ್ರ ಅಲ್ಲ. ಗೊತ್ತಿಲ್ಲದವರು ಎಷ್ಟೋ ಜನ ಇದ್ದಾರೆ. ಅಜ್ಜನ ಕ್ರಮದಲ್ಲಿ ನನಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆ. ನಸುಕಿನಲ್ಲಿ ಹೋಗುವುದನ್ನು ಇಟ್ಟುಕೊಂಡೆ, ಕಲ್ಲಿನಿಂದ ಜಜ್ಜುವುದನ್ನು ಇಟ್ಟುಕೊಂಡೆ. ನೂಲು ಕಟ್ಟುವುದನ್ನು ಹಳೆಯ ಕಾಲದ ಶಾಸ್ತ್ರ ಎಂದು ಬಿಟ್ಟೆ. ಆದರೆ ಇಡೀ ಕ್ರಮದಲ್ಲಿ ಜೀವ ಕಾಪಾಡುವ ಭಾಗ ಆ ನೂಲೇ ಆಗಿತ್ತು. ಕತ್ತಲೆಯಲ್ಲಿ ಮರ ಗುರುತಿಸಲಿಕ್ಕೆ ಆಗುವುದಿಲ್ಲ ಎಂದು ಅಜ್ಜನಿಗೆ ಗೊತ್ತಿತ್ತು. ಹಾಗಾಗಿ ಗುರುತಿಸುವ ಕೆಲಸ ಹಗಲಿಗೆ, ತರುವ ಕೆಲಸ ನಸುಕಿಗೆ. ಗುರುತಿಸಲಿಕ್ಕೆ ನಾಲ್ಕು ಕಣ್ಣು. ಮನೆಗೆ ಬಂದ ಮೇಲೆ ಅಜ್ಜಿಯ ಹೆಬ್ಬೆರಳು.

ನಾನು ಮಾಡುವ ಕೆಲಸದಲ್ಲಿ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ಒಪ್ಪದೆ ಮುಂದಕ್ಕೆ ಕಳುಹಿಸುವುದಿಲ್ಲ. ಆಮೇಲೆ ಅದನ್ನು ಪರೀಕ್ಷೆ ಮಾಡುವವರು ಬೇರೆ. ಇದನ್ನು ನಾನು ಬೆಂಗಳೂರಿನಲ್ಲಿ ಕಲಿತೆ ಎಂದುಕೊಂಡಿದ್ದೆ. ಮೂರನೇ ಕ್ಲಾಸು ಓದಿದ ಅಜ್ಜ, ಶಾಲೆಗೇ ಹೋಗದ ಅಜ್ಜಿ ಅದನ್ನು ಪ್ರತಿವರ್ಷ ನನ್ನ ಕಣ್ಣೆದುರೇ ಮಾಡುತ್ತಿದ್ದರು.

ಕತ್ತಿ ತಾಗಿಸಬಾರದು ಎನ್ನುವುದಕ್ಕೂ ಏನೋ ಅರ್ಥ ಇದ್ದಿರಬೇಕು ಎಂದು ಈಗ ಅನಿಸುತ್ತದೆ. ಕಲ್ಲಿನಿಂದ ಜಜ್ಜಿದರೆ ಬೇಕಾದಷ್ಟೇ ಬರುತ್ತದೆ, ಕತ್ತಿಯಿದ್ದರೆ ಆಸೆ ಹೆಚ್ಚು. ಕಾಂಡದ ಸುತ್ತಲೂ ತೊಗಟೆ ತೆಗೆದರೆ ಮರ ಸಾಮಾನ್ಯವಾಗಿ ಬದುಕುವುದಿಲ್ಲ. ಈಗ ಕೆಲವು ಕಡೆ ಒಂದೇ ಮರದಿಂದ ಚೀಲಗಟ್ಟಲೆ ಕೆತ್ತೆ ತೆಗೆಯುವುದನ್ನು ನಾನು ನೋಡಿದ್ದೇನೆ.

ಹಾಗಾದರೆ ಮರವನ್ನು ಗುರುತಿಸುವುದು ಹೇಗೆ? ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮಾಷ್ಟ್ರು ಇದೇ ಮೈದಾನದ ಮರದ ಕೆಳಗೆ ನಮ್ಮನ್ನು ನಿಲ್ಲಿಸಿ ತೋರಿಸಿದ್ದರು. ಅವರು ಇವತ್ತು ಮುಂದಿನ ಸಾಲಿನಲ್ಲಿ ಇದ್ದಾರೆ. ಸಾರ್, ಅವತ್ತು ನಾನು ಕೇಳಿಸಿಕೊಳ್ಳಲಿಲ್ಲ, ಇವತ್ತು ಒಪ್ಪಿಸುತ್ತೇನೆ. ಪಾಲೆಯಲ್ಲಿ ಎಲೆಗಳು ಒಂದೇ ಗಿಣ್ಣಿನ ಸುತ್ತ ಕೊಡೆಯ ಹಾಗೆ ಹರಡಿರುತ್ತವೆ. ಸಾಮಾನ್ಯವಾಗಿ ಏಳು, ಒಂದೆರಡು ಹೆಚ್ಚು ಕಡಿಮೆ ಇರಬಹುದು. ಸಪ್ತಪರ್ಣಿ ಎಂಬ ಹೆಸರು ಬಂದದ್ದು ಅದರಿಂದಲೇ. ಎಲೆಯ ಅಡಿಭಾಗ ಮಾಸಲು ಬಿಳಿ. ನಡುನರದಿಂದ ಅಂಚಿನವರೆಗೆ ಒತ್ತೊತ್ತಾಗಿ ಸಾಲು ನರಗಳು. ಎಲೆ ಮುರಿದರೆ ಬಿಳಿ ಹಾಲು. ಹೂವು ಬಿಡುವುದು ಮಳೆ ಕಳೆದ ಮೇಲೆ, ಸಂಜೆ ಹೊತ್ತಿಗೆ ಗಾಢ ಪರಿಮಳ. ಆಮೇಲೆ ಜೋಡಿ ಜೋಡಿಯಾಗಿ ನೇತಾಡುವ ಉದ್ದನೆಯ ತೆಳು ಕೋಡುಗಳು.

ಕಾಸರಕನಲ್ಲಿ ಎಲೆಗಳು ಎದುರುಬದುರು, ಎರಡೆರಡು. ಎಲೆಯ ಬುಡದಿಂದಲೇ ಮೂರೋ ಐದೋ ಮುಖ್ಯ ನರಗಳು ತುದಿಯ ಕಡೆಗೆ ಹೋಗುತ್ತವೆ. ಹಾಲು ಇಲ್ಲ. ಹಣ್ಣು ಕಿತ್ತಳೆ ಬಣ್ಣದ ಚೆಂಡಿನ ಹಾಗೆ, ಒಳಗೆ ಬಿಲ್ಲೆಯಂತಹ ಬೀಜ.

ಆದರೆ "ಹಾಲು ಬಂತು, ಆದ್ದರಿಂದ ಪಾಲೆ" ಎಂದು ಯಾರೂ ತಿಳಿಯಬಾರದು. ಅಂಗಳದ ಹಳದಿ ಕರವೀರಕ್ಕೂ ಹಾಲಿದೆ, ಅದು ಕಡು ವಿಷ. ಹಾಲು ಇಲ್ಲದಿದ್ದರೆ ಪಾಲೆ ಅಲ್ಲ, ಅಷ್ಟೇ ಅರ್ಥ. ಹಾಲಿದ್ದರೆ ಉಳಿದ ಗುರುತುಗಳನ್ನೂ ನೋಡಬೇಕು.

ಕಂಪ್ಯೂಟರಿನ ವಿಷಯ ಹೇಳುತ್ತೇನೆ ಎಂದಿದ್ದೆ. ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳು ಈಗ ಬಂದಿವೆ. ನಿನ್ನೆ ನಮ್ಮ ಮೈದಾನದ ಮರದ ಮೂರು ಫೋಟೋ ತೆಗೆದು ಅಂಥ ಒಂದು ಆ್ಯಪ್‌ಗೆ ಹಾಕಿದೆ. ಎಲೆಯ ಗೊಂಚಲಿನ ಫೋಟೋಗೆ ಸರಿಯಾದ ಹೆಸರು ಬಂತು. ಬರೀ ತೊಗಟೆಯ ಎರಡು ಫೋಟೋಗಳಿಗೆ ಎರಡು ಬೇರೆ ಬೇರೆ ಹೆಸರು ಬಂತು, ಎರಡೂ ತಪ್ಪು. ಮಕ್ಕಳೇ, ಆ್ಯಪ್ ಬಳಸಿ, ಗಿಡಗಳ ಹೆಸರು ಕಲಿಯಲಿಕ್ಕೆ ಅದು ಒಳ್ಳೆಯದು. ಆದರೆ ಅದು ಹೇಳುವುದು ಹೋಲಿಕೆಯನ್ನು. ಹೋಲುತ್ತದೆ ಎಂಬ ಮಾತಿನ ಮೇಲೆ ಹೊಟ್ಟೆಗೆ ಏನನ್ನೂ ಹಾಕಬಾರದು. ವಾಟ್ಸ್ಆ್ಯಪ್‌ನಲ್ಲಿ ಬರುವ ಕಷಾಯದ ವಿಧಾನಕ್ಕೂ ಇದೇ ಮಾತು. ಮೆಣಸು ಎಷ್ಟು, ಬೆಳ್ಳುಳ್ಳಿ ಎಷ್ಟು ಎಂದು ಅದರಲ್ಲಿ ಇರುತ್ತದೆ. ಹಿಂದಿನ ದಿನ ಯಾರ ಜೊತೆ ಹೋಗಿ ಮರ ನೋಡಬೇಕು ಎಂದು ಇರುವುದಿಲ್ಲ.

ಕಷಾಯ ಕುಡಿಯುವುದರಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಹಾಲೆಯ ತೊಗಟೆಯನ್ನು ಆಯುರ್ವೇದದಲ್ಲಿ ಜ್ವರಕ್ಕೆ, ಚರ್ಮರೋಗಕ್ಕೆ ಹೇಳಿದ್ದಾರೆ. 19ನೇ ಶತಮಾನದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮಲೇರಿಯಾಕ್ಕೆ ಕ್ವಿನೈನ್‌ನ ಬದಲಿಗೆ ಇದನ್ನು ಬಳಸಿ ನೋಡಿದ್ದರು. ಮುಂದೆ ನಡೆದ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಆ ಕೆಲಸಕ್ಕೆ ಅದು ಸಾಲದು ಎಂದು ಕಂಡಿತು. ನಾನು ವೈದ್ಯನಲ್ಲ. ವರ್ಷಕ್ಕೊಮ್ಮೆ, ಗೊತ್ತಿದ್ದವರು ತಂದ ಕೆತ್ತೆಯಿಂದ, ಅಜ್ಜಿಯ ಅಳತೆಯಲ್ಲಿ ನಾನು ಈಗಲೂ ಕುಡಿಯುತ್ತೇನೆ. ಆದರೆ ಕುಡಿದಿದ್ದೇನೆ, ಇನ್ನು ವರ್ಷವಿಡೀ ಜ್ವರ ಬರುವುದಿಲ್ಲ ಎಂದುಕೊಂಡು ಕೂರುವುದಿಲ್ಲ. ನಮ್ಮಲ್ಲಿ ಮಳೆಗಾಲ ಎಂದರೆ ಡೆಂಗಿ, ಇಲಿಜ್ವರದ ಕಾಲ. ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಯಕೃತ್ತಿನ, ಮೂತ್ರಪಿಂಡದ ತೊಂದರೆ ಇರುವವರು, ದಿನವೂ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕಷಾಯ ಕುಡಿಯಬಾರದು. ಕುಡಿದ ಮೇಲೆ ಯಾರಿಗಾದರೂ ಮೈ ಸೆಟೆದ ಹಾಗೆ ಆದರೆ ಮನೆಮದ್ದು ಮಾಡುತ್ತಾ ಕೂರದೆ, ಉಳಿದ ಕೆತ್ತೆಯ ಒಂದು ಚೂರನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈಗ ಒಂದು ಸಂತೋಷದ ವಿಷಯ. ಸಸ್ಯಶಾಸ್ತ್ರದಲ್ಲಿ ಈ ಮರದ ಹೆಸರು ಆಲ್‌ಸ್ಟೋನಿಯಾ ಸ್ಕಾಲರಿಸ್. ಆಲ್‌ಸ್ಟನ್ ಎಂಬವರು ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸ್ಕಾಲರಿಸ್ ಎಂದರೆ ಶಾಲೆಗೆ ಸೇರಿದ್ದು. ಈ ಮರದ ಹಗುರವಾದ ಹಲಗೆಯಿಂದ ಹಿಂದೆ ಮಕ್ಕಳಿಗೆ ಬರೆಯುವ ಪಾಟಿ ಮಾಡುತ್ತಿದ್ದರು, ಅದರಿಂದ 1767ರಲ್ಲಿ ಲಿನೇಯಸ್ ಈ ಹೆಸರು ಕೊಟ್ಟರು. ಶಾಂತಿನಿಕೇತನದಲ್ಲಿ ಘಟಿಕೋತ್ಸವದ ದಿನ ಇದೇ ಸಪ್ತಪರ್ಣಿಯ ಎಲೆಯನ್ನು ಕೊಡುವ ಸಂಪ್ರದಾಯವಿದೆ. ಹೆಸರಿನಲ್ಲಿಯೇ ಶಾಲೆ ಇರುವ ಮರ ನಮ್ಮ ಶಾಲೆಯ ಮೈದಾನದಲ್ಲಿದೆ. ಇಷ್ಟು ವರ್ಷ ನಾವು ಅದರ ನೆರಳಿನಲ್ಲಿ ಸೈಕಲ್ ಇಟ್ಟೆವು.

ಹಾಗಾಗಿ ನನ್ನದೊಂದು ಕೋರಿಕೆ. ಬರುವ ವರ್ಷ ಆಟಿ ಅಮಾವಾಸ್ಯೆಯ ಹಿಂದಿನ ದಿನವನ್ನು ಇದಕ್ಕೆ ಇಟ್ಟುಕೊಳ್ಳೋಣ. ಆ ಮಧ್ಯಾಹ್ನ ಒಂದು ಪೀರಿಯಡ್ ಮಕ್ಕಳನ್ನು ಈ ಮರದ ಕೆಳಗೆ ಕರೆದುಕೊಂಡು ಬರಬೇಕು. ಊರಿನಲ್ಲಿ ಮರ ಬಲ್ಲ ಹಿರಿಯರು ಇನ್ನೂ ಏಳೆಂಟು ಜನರಾದರೂ ಇದ್ದೀರಿ. ನಿಮ್ಮಲ್ಲಿ ಒಬ್ಬರು ಬಂದು ಎಲೆ ಮುರಿದು ತೋರಿಸಬೇಕು. ಪಕ್ಕದಲ್ಲಿ ಕಾಸರಕನ ಒಂದು ರೆಂಬೆಯನ್ನೂ ಇಟ್ಟು ವ್ಯತ್ಯಾಸ ಹೇಳಬೇಕು. ಕಷಾಯ ಮಾಡುವುದು ಬೇಡ, ಕುಡಿಸುವುದು ಬೇಡ, ಗುರುತಿಸಲಿಕ್ಕೆ ಕಲಿಸಿದರೆ ಸಾಕು. ಕೊನೆಗೆ ಒಬ್ಬ ವಿದ್ಯಾರ್ಥಿಯ ಕೈಯಿಂದ ಮರಕ್ಕೆ ಒಂದು ಬಿಳಿ ನೂಲು ಕಟ್ಟಿಸಬೇಕು. ಶಾಲೆಯ ಸುತ್ತಲಿನ ಮರಗಳಿಗೆಲ್ಲ ಕನ್ನಡ, ತುಳು ಮತ್ತು ಸಸ್ಯಶಾಸ್ತ್ರದ ಹೆಸರು ಬರೆದ ಫಲಕಗಳನ್ನು ನಮ್ಮ 2004ರ ತಂಡ ಮಾಡಿಸಿಕೊಡುತ್ತದೆ. ಐದು ಪಾಲೆ ಸಸಿಗಳನ್ನೂ ತಂದು ನೆಡುತ್ತೇವೆ. ಮಾಷ್ಟ್ರ ಒಪ್ಪಿಗೆಯನ್ನು ಬೆಳಿಗ್ಗೆಯೇ ಕೇಳಿಯಾಗಿದೆ.

ಅಜ್ಜಿ ಈಗ ಇಲ್ಲ. 2014ರ ಆ ದಿನ ಅವರ ಮೇಲೆ ಜೋರು ಮಾಡಿದ್ದಕ್ಕೆ ನಾನು ಕ್ಷಮೆ ಕೇಳಿದ್ದೆ. "ನೀನು ತಂದದ್ದಕ್ಕೆ ಬೇಸರ ಇಲ್ಲ ಮಗಾ, ಕೇಳದೆ ತಂದದ್ದಕ್ಕೆ" ಎಂದಿದ್ದರು. ಮಕ್ಕಳೇ, ಈ ಶಾಲೆಯಿಂದ ಎಲ್ಲಿಗೆ ಹೋದರೂ, ಯಾವ ಕೆಲಸ ಮಾಡಿದರೂ, ಗೊತ್ತಿದ್ದವರನ್ನು ಕೇಳಲಿಕ್ಕೆ ನಾಚಿಕೆ ಪಡಬೇಡಿ. ಹಿರಿಯರೇ, ನಾವು ಕೇಳದಿದ್ದರೂ ದಯವಿಟ್ಟು ನೀವಾಗಿಯೇ ಹೇಳಿ.

ಈ ಶಾಲೆ ಇನ್ನೂ ಐವತ್ತು ವರ್ಷ ಹೀಗೆಯೇ ಮಕ್ಕಳಿಂದ ತುಂಬಿರಲಿ ಎಂದು ಹಾರೈಸಿ, ನನ್ನ ಮಾತನ್ನು ಮುಗಿಸುತ್ತೇನೆ.